‘ಮಾನ’ ಶಬ್ದದ ವ್ಯವಹಾರ: ಒಂದು ಐತಿಹಾಸಿಕ ವಿವೇಚನೆ

ಕಳೆದ ವರ್ಷ ದಶಲಕ್ಷಣ ಪರ್ವಕ್ಕೆ ಕೆಲವು ದಿನ ಮುಂಚೆ ನಮ್ಮೂರ ಬಸದಿಯ ಟ್ರಸ್ಟಿನ ಸಭೆ ಸೇರಿತ್ತು. ದತ್ತಿಗಳ ಹಳೆಯ ರಿಜಿಸ್ಟರು ಶಿಥಿಲವಾಗಿದ್ದುದರಿಂದ ಅದನ್ನು ಹೊಸದಾಗಿ ಬರೆಯಿಸುವುದು ಅಂದಿನ ಮುಖ್ಯ ವಿಷಯ. ಕಾಗದಗಳ ಕಟ್ಟಿನಲ್ಲಿ ಒಂದು ಮನೆತನದ ಹಿರಿಯರು ಮೂರು ತಲೆಮಾರುಗಳ ಹಿಂದೆ ಬರೆದುಕೊಟ್ಟ ಪತ್ರವೊಂದು ದೊರೆಯಿತು. ಮೂಲನಾಯಕ ಸ್ವಾಮಿಯ ನಿತ್ಯಾಭಿಷೇಕಕ್ಕೆ ದಿನವೊಂದಕ್ಕೆ ಎರಡು ಮಾನ ಹಾಲನ್ನು ತಮ್ಮ ವಂಶದವರು ನಡೆಸಿಕೊಂಡು ಬರತಕ್ಕದ್ದೆಂದು ಅದರಲ್ಲಿತ್ತು. ಎರಡು ಮಾನವೆಂದರೆ ಎಷ್ಟು ಲೀಟರು ಎಂದು ಕಾರ್ಯದರ್ಶಿಗಳು ಕೇಳಿದರು.

ಸಭೆಯಲ್ಲಿದ್ದವರು ಏಳು ಮಂದಿ. ದಿನಸಿ ಅಂಗಡಿಯವರು, ಮಾನವೆಂದರೆ ಅರ್ಧ ಸೇರಿನ ಪಾತ್ರೆಯೆಂದು ಒಡನೆ ಹೇಳಿದರು. ಚಿನ್ನಬೆಳ್ಳಿಯ ವ್ಯಾಪಾರದಲ್ಲಿರುವ ಸದಸ್ಯರು, ಅದು ತೂಕವೇ ಇರಬೇಕು, ಹಾಲನ್ನೂ ಹಿಂದೆ ತೂಗಿ ಕೊಡುತ್ತಿದ್ದರೆಂದು ವಾದಿಸಿದರು. ನಿವೃತ್ತ ಎಂಜಿನಿಯರೊಬ್ಬರು, ಉಷ್ಣಮಾನ, ಹವಾಮಾನ ಎನ್ನುವ ಹಾಗೆ ಮಾನವೆಂಬುದು ಬರಿಯ ಅಳತೆ ಎಂಬ ಮಾತು, ಪತ್ರ ಬರೆದವರು ಯಾವ ಅಳತೆಯೆಂದು ಹೇಳಲು ಮರೆತಿದ್ದಾರೆ ಎಂದರು. ವಕೀಲರು ಮಾತ್ರ, ತಮ್ಮ ವೃತ್ತಿಯಲ್ಲಿ ಮಾನವೆಂಬುದು ನಷ್ಟವಾದಾಗಲೇ ಕಚೇರಿಗೆ ಬರುವ ವಸ್ತುವೆಂದು ಹೇಳಿ ಎಲ್ಲರನ್ನೂ ನಗಿಸಿದರು.

ಆದರೆ ನಗೆಯಲ್ಲಿ ಮುಗಿಸಿಬಿಡುವ ವಿಷಯ ಅದಾಗಿರಲಿಲ್ಲ. ಆ ಮನೆತನದವರು ಈಗ ದೂರದ ನಗರದಲ್ಲಿದ್ದಾರೆ. ಟ್ರಸ್ಟು ಲೆಕ್ಕ ಹಾಕಿ ತಿಳಿಸಿದಷ್ಟು ಹಣವನ್ನು ವರ್ಷಕ್ಕೊಮ್ಮೆ, ಮರುಪ್ರಶ್ನೆಯಿಲ್ಲದೆ, ಕಳುಹಿಸುತ್ತಾರೆ. ನಾವು ಹೆಚ್ಚು ಬರೆದರೆ ಅವರು ಕೊಡಬೇಕಾಗಿಲ್ಲದ್ದನ್ನು ಅವರಿಂದ ಪಡೆದಂತೆ. ಕಡಿಮೆ ಬರೆದರೆ ಅವರ ಪೂರ್ವಿಕರು ಸಂಕಲ್ಪಿಸಿದ್ದು ದೇವರಿಗೆ ಸಲ್ಲದಂತೆ. ಒಂದು ಎರಡಕ್ಷರದ ಶಬ್ದದಿಂದ ಅದತ್ತಾದಾನದ ಬಾಗಿಲಿನವರೆಗೂ ಬಂದು ನಿಂತೆವಲ್ಲ ಎಂಬ ಯೋಚನೆಯೇ ಈ ಲೇಖನಕ್ಕೆ ಕಾರಣ.

ಮೊದಲು ಶಬ್ದದ ಹುಟ್ಟನ್ನು ನೋಡಬೇಕು. ವೈಯಾಕರಣರು ಎರಡು ‘ಮಾನ’ಗಳನ್ನು ಬೇರ್ಪಡಿಸುತ್ತಾರೆ. ಅಳೆಯುವುದೆಂಬ ಅರ್ಥದ ‘ಮಾ’ ಧಾತುವಿನಿಂದ ಬಂದದ್ದು ಒಂದು. ಪ್ರಮಾಣ, ಪರಿಮಾಣ, ಅನುಮಾನ, ಉಪಮಾನ, ಮಾನದಂಡ ಮೊದಲಾದವು ಇದರ ಬಂಧುಗಳು. ಭಾವಿಸುವುದೆಂಬ ಅರ್ಥದ ‘ಮನ್’ ಧಾತುವಿನಿಂದ ಬಂದದ್ದು ಇನ್ನೊಂದು. ಬಹುಮಾನ, ಸನ್ಮಾನ, ಅಭಿಮಾನ, ಮಾನ್ಯ ಇವು ಅದರ ಸಂತತಿ. ಕ್ರೋಧ, ಮಾನ, ಮಾಯೆ, ಲೋಭಗಳೆಂದು ನಾವು ನಿತ್ಯವೂ ಪಠಿಸುವ ಕಷಾಯಗಳಲ್ಲಿ ಎರಡನೆಯದು ಈ ಎರಡನೆಯ ‘ಮಾನ’. ಎರಡೂ ಒಂದೇ ರೂಪ ತಾಳಿದ್ದು ಆಕಸ್ಮಿಕವೆಂದು ಶಾಸ್ತ್ರಜ್ಞರು ಹೇಳಬಹುದು. ಆದರೆ ನಮ್ಮ ಕನ್ನಡದ ‘ಎಣಿಸು’ ಎಂಬ ಕ್ರಿಯಾಪದವೂ ಲೆಕ್ಕ ಮಾಡುವುದು, ಭಾವಿಸುವುದು ಎಂಬ ಎರಡು ಅರ್ಥಗಳನ್ನು ಒಟ್ಟಿಗೆ ಹೊತ್ತಿದೆ. ಕರಾವಳಿಯ ಕಡೆ ‘ಹೀಗಾಗುತ್ತದೆ ಎಂದು ಎಣಿಸಿರಲಿಲ್ಲ’ ಎಂದರೆ ಅಲ್ಲಿ ನಾಣ್ಯವಿಲ್ಲ, ಕಾಳಿಲ್ಲ. ಅಳೆಯುವುದೂ ತಿಳಿಯುವುದೂ ಮನುಷ್ಯನಿಗೆ ಅಷ್ಟೇನೂ ದೂರದ ಕೆಲಸಗಳಲ್ಲವೆಂದು ಇದರಿಂದ ತೋರುತ್ತದೆ.

ಭೂದಾಖಲೆಗಳ ಪರಿಚಯವಿರುವ ಟ್ರಸ್ಟಿಗಳಿಗೆ ಈ ಎರಡನೆಯ ವಂಶದ ಇನ್ನೊಂದು ಕುಡಿ ಗೊತ್ತು. ‘ಸರ್ವಮಾನ್ಯ’ವೆಂದು ಶಾಸನದಲ್ಲಿದ್ದರೆ ಆ ಭೂಮಿಗೆ ತೆರಿಗೆಯಿಲ್ಲವೆಂದು ಅರ್ಥ. ಅದೇ ‘ಮಾನ್ಯ’ ಇಂದು ಪತ್ರದ ಮೇಲುಗಡೆ ‘ಮಾನ್ಯರೇ’ ಎಂದು ಕುಳಿತಿದೆ, ತೆರಿಗೆಯ ನೋಟೀಸಿನಲ್ಲಿಯೂ ಕೂಡ.

ಅಳತೆಯ ‘ಮಾನ’ಕ್ಕೆ ಬರೋಣ. ಈ ಶಬ್ದ ಒಂದೊಂದು ಕಸುಬಿನಲ್ಲಿ ಒಂದೊಂದು ವೇಷ ತೊಡುತ್ತದೆಂಬುದನ್ನು ನಮ್ಮ ಆಚಾರ್ಯರು ಸಾವಿರದಿನ್ನೂರು ವರ್ಷಗಳಿಗೂ ಹಿಂದೆಯೇ ಸ್ಪಷ್ಟವಾಗಿ ಬರೆದಿಟ್ಟಿದ್ದಾರೆ. ಎಂಟನೆಯ ಶತಮಾನದ ಭಟ್ಟಾಕಳಂಕದೇವರು ತತ್ತ್ವಾರ್ಥರಾಜವಾರ್ತಿಕದ ಮೂರನೆಯ ಅಧ್ಯಾಯದಲ್ಲಿ ಪ್ರಮಾಣವನ್ನು ಲೌಕಿಕ, ಲೋಕೋತ್ತರ ಎಂದು ಎರಡಾಗಿ ವಿಂಗಡಿಸಿ, ಲೌಕಿಕದಲ್ಲಿ ಆರು ಬಗೆ ಹೇಳುತ್ತಾರೆ: ಮಾನ, ಉನ್ಮಾನ, ಅವಮಾನ, ಗಣನಾಮಾನ, ಪ್ರತಿಮಾನ, ತತ್ಪ್ರಮಾಣ. ಪಟ್ಟಿಯಷ್ಟೇ ಆಗಿದ್ದರೆ ಇದರಲ್ಲಿ ವಿಶೇಷವಿರಲಿಲ್ಲ. ಒಂದೊಂದಕ್ಕೂ ಅವರು ಕೊಡುವ ಉದಾಹರಣೆಗಳನ್ನು ಓದುವಾಗ ಹಳೆಯ ಪೇಟೆಯ ಬೀದಿಯೊಂದರಲ್ಲಿ ನಡೆದು ಹೋದಂತಾಗುತ್ತದೆ.

ಮೊದಲಂಗಡಿ ತುಪ್ಪದವನದು. ಅವನ ಅಳತೆ ರಸಮಾನ. ಪಕ್ಕದಲ್ಲಿ ಧಾನ್ಯದವನು, ಕುಡವ ಮೊದಲಾದ ಪಾತ್ರೆಗಳಿಂದ ಅಳೆಯುವ ಅವನದು ಬೀಜಮಾನ. ಈ ಎರಡೂ ‘ಮಾನ’ದ ಒಳಭೇದಗಳು. ಆಚೆಗೆ ಕೋಷ್ಠ, ತಗರ ಮುಂತಾದ ಪರಿಮಳದ ಬೇರುಗಳನ್ನು ಮಾರುವವನು. ಅವನು ಸರಕನ್ನು ಮೇಲಕ್ಕೆತ್ತಿ ತೂಗುತ್ತಾನಾದ್ದರಿಂದ ಅದು ‘ಉನ್ಮಾನ’, ಎಂದರೆ ತಕ್ಕಡಿ. ಊರ ಹೊರಗೆ ಹೊಲದಲ್ಲಿ ಕೋಲು ಹಿಡಿದು ನಿವರ್ತನಗಳ ಲೆಕ್ಕದಲ್ಲಿ ನೆಲವನ್ನು ಅಳೆಯುವವನದು ‘ಅವಮಾನ’. ಇಂದಿನ ಕನ್ನಡಿಗನು ಈ ಮಾತನ್ನು ಓದಿ ಬೆಚ್ಚಬೇಕಾಗಿಲ್ಲ. ಸರ್ವೆಯವನು ಯಾರನ್ನೂ ಅವಮಾನಿಸುತ್ತಿಲ್ಲ, ನೆಲದೊಳಕ್ಕೆ ಇಳಿದು ಅಳೆಯುತ್ತಿದ್ದಾನೆ. ಒಂದು, ಎರಡು, ಮೂರೆಂದು ಎಣಿಸುವುದು ಗಣನಾಮಾನ. ಸಾಸಿವೆ, ಗುಲಗಂಜಿಗಳನ್ನು ಎದುರಿಗಿಟ್ಟು ಅವಕ್ಕೆ ಸರಿತೂಗಿಸುವ ಸೂಕ್ಷ್ಮ ತೂಕ ಪ್ರತಿಮಾನ.

ಕೊನೆಯದಾದ ತತ್ಪ್ರಮಾಣ ನನಗೆ ಬಹಳ ಕುತೂಹಲ ಹುಟ್ಟಿಸಿತು. ಅದು ರತ್ನದ ವ್ಯಾಪಾರಿಯದೂ ಕುದುರೆಯ ವ್ಯಾಪಾರಿಯದೂ. ರತ್ನದ ಕಾಂತಿ ಎಷ್ಟು ಎತ್ತರಕ್ಕೆ ಹಬ್ಬುತ್ತದೆಯೋ ಅಷ್ಟೆತ್ತರದ ಚಿನ್ನದ ರಾಶಿ ಅದರ ಬೆಲೆ, ಕುದುರೆ ಎಷ್ಟು ಎತ್ತರವೋ ಅಷ್ಟೆತ್ತರದ ಚಿನ್ನದ ರಾಶಿ ಅದರ ಬೆಲೆ ಎಂದು ಆಚಾರ್ಯರು ವಿವರಿಸುತ್ತಾರೆ. ಹೀಗೆ ಯಾವ ಅರಸನೂ ಕುದುರೆ ಕೊಂಡಿರಲಾರನು. ಆದರೆ ಬೆಲೆಯೂ ಒಂದು ಬಗೆಯ ಅಳತೆಯೇ, ತೂಗಿ ಅಳೆದು ಹೇಳಲಾಗದ ಗುಣವನ್ನು ಅದರಿಂದ ಸೂಚಿಸುತ್ತಾರೆ ಎಂಬ ಅರಿವು ಆ ವಿವರಣೆಯ ಹಿಂದಿದೆ.

ಸುಮಾರು ಇನ್ನೂರು ವರ್ಷಗಳ ಬಳಿಕ, ಚಾವುಂಡರಾಯನ ಗುರುಗಳಾದ ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳು ತ್ರಿಲೋಕಸಾರದಲ್ಲಿ ಇದೇ ಆರು ಲೌಕಿಕ ಮಾನಗಳನ್ನು ಎರಡು ಗಾಥೆಗಳಲ್ಲಿ ಅಡಕಗೊಳಿಸಿದರು. ಅಲ್ಲೊಂದು ವ್ಯತ್ಯಾಸವಿದೆ. ಅಕಳಂಕರಲ್ಲಿ ನೆಲವಳೆಯುವ ಕೋಲಾಗಿದ್ದ ‘ಅವಮಾನ’ ಇಲ್ಲಿ ಚುಲುಕ, ಎಂದರೆ ಅಂಗೈಯ ಗುಳಿಯಲ್ಲಿ ಹಿಡಿಯುವಷ್ಟು ನೀರಿನ ಅಳತೆ. ಶಬ್ದಗಳ ಅರ್ಥ ನೆಲೆಗೊಳಿಸಲು ಹೊರಟ ಪಟ್ಟಿಯೊಳಗೇ ಒಂದು ಶಬ್ದ ಹೊಲದಿಂದ ಅಂಗೈಗೆ ಬಂದುಬಿಟ್ಟಿತು! ಇದನ್ನು ದೋಷವೆಂದು ನಾನು ಹೇಳುವುದಿಲ್ಲ. ಇಬ್ಬರೂ ತಾವು ಯಾವುದನ್ನು ಕುರಿತು ಹೇಳುತ್ತಿದ್ದೇವೆಂಬುದನ್ನು ಉದಾಹರಣೆ ಕೊಟ್ಟು ತಿಳಿಸಿದ್ದಾರೆ, ಓದುವವನು ಮೋಸಹೋಗುವ ಸಂಭವವಿಲ್ಲ.

ಇವರಿಬ್ಬರ ನಡುವಣ ಕಾಲದಲ್ಲಿ, ಒಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ, ಅಮೋಘವರ್ಷ ನೃಪತುಂಗನ ಆಶ್ರಯದಲ್ಲಿ ಮಹಾವೀರಾಚಾರ್ಯರು ಗಣಿತಸಾರಸಂಗ್ರಹವನ್ನು ರಚಿಸಿದರು. 1912ರಲ್ಲಿ ಮದರಾಸಿನಿಂದ ಎಂ. ರಂಗಾಚಾರ್ಯರು ಇದನ್ನು ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿದ ಬಳಿಕ ಲೋಕದ ಗಣಿತಜ್ಞರ ಗಮನ ಇತ್ತ ಹರಿಯಿತು. ಗ್ರಂಥದ ಆರಂಭದಲ್ಲಿಯೇ ಕ್ಷೇತ್ರ, ಕಾಲ, ಧಾನ್ಯ, ಸುವರ್ಣ, ರಜತ, ಲೋಹ ಎಂದು ಒಂದೊಂದಕ್ಕೂ ಬೇರೆಯ ಪರಿಭಾಷೆ ಇದೆ. ಗಣಿತದ ವಿದ್ಯಾರ್ಥಿಗಳು ಈ ಪುಟಗಳನ್ನು ಬೇಗ ದಾಟಿಬಿಡುತ್ತಾರೆ. ನಮ್ಮ ವಿಷಯಕ್ಕೆ ಇವೇ ಮುಖ್ಯ.

ಚಿನ್ನದಲ್ಲಿ 5 ಗುಂಜೆಗೆ ಒಂದು ಪಣ, 8 ಪಣಕ್ಕೆ ಒಂದು ಧರಣ, ಎಂದರೆ ಧರಣವೊಂದಕ್ಕೆ 40 ಗುಂಜೆ. ಬೆಳ್ಳಿಯಲ್ಲಿ 2 ಗುಂಜೆಗೆ ಒಂದು ಮಾಷ, 16 ಮಾಷಕ್ಕೆ ಒಂದು ಧರಣ, ಎಂದರೆ 32 ಗುಂಜೆ. ಒಂದೇ ಅಂಗಡಿಯಲ್ಲಿ, ಒಂದೇ ತಕ್ಕಡಿಯಲ್ಲಿ, ‘ಒಂದು ಧರಣ’ವೆಂದಾಗ ತಟ್ಟೆಯ ಮೇಲಿರುವುದು ಹಳದಿಯೋ ಬಿಳಿಯೋ ಎಂದು ನೋಡದೆ ಅರ್ಥವಾಗುವಂತಿಲ್ಲ. ಇನ್ನೂ ವಿಚಿತ್ರವಾದದ್ದು ಪ್ರಸ್ಥ. ಧಾನ್ಯದವನಿಗೆ ಅದು ಪಾತ್ರೆ, 4 ಕುಡವ ಹಿಡಿಸುವಂಥದು. ಲೋಹದವನಿಗೆ ಅದು ತೂಕ, ಹನ್ನೆರಡೂವರೆ ಪಲದಷ್ಟು. ಅಳತೆಯ ಜಾತಿಯೇ ಬದಲಾಗಿ, ಹೆಸರು ಮಾತ್ರ ಉಳಿದಿದೆ. ಮಹಾವೀರಾಚಾರ್ಯರು ಇದಕ್ಕೆ ಬೇಸರಪಡುವುದಿಲ್ಲ, ಎಲ್ಲವನ್ನೂ ಒಂದಾಗಿಸಲು ಹೊರಡುವುದೂ ಇಲ್ಲ. ಪೇಟೆಯಲ್ಲಿ ಇರುವುದನ್ನು ಇದ್ದಂತೆ ಬರೆದು ಮುಂದಿನ ಲೆಕ್ಕಕ್ಕೆ ಹೋಗುತ್ತಾರೆ.

ಅದೇ ಗ್ರಂಥದಲ್ಲಿ ಚಿನ್ನ ಬೆರೆಸುವ ಲೆಕ್ಕಗಳು ಬಹಳವಾಗಿವೆ. ಅಲ್ಲಿ ಚಿನ್ನದ ಶುದ್ಧತೆಗೆ ‘ವರ್ಣ’ವೆಂದು ಹೆಸರು, ಶುದ್ಧವಾದದ್ದು 16 ವರ್ಣ. 16 ವರ್ಣದ 4 ಭಾಗಕ್ಕೆ 12 ವರ್ಣದ 4 ಭಾಗ ಸೇರಿಸಿ ಕರಗಿಸಿದರೆ ಬರುವುದು 14 ವರ್ಣದ ಚಿನ್ನ. ಬಣ್ಣಗಾರನಿಗೆ ವರ್ಣವೆಂದರೆ ರಂಗು, ಮಕ್ಕಳಿಗೆ ಅಕ್ಷರ ಕಲಿಸುವವರಿಗೆ ವರ್ಣಮಾಲೆ, ಸಮಾಜವನ್ನು ಕುರಿತು ಬರೆಯುವವರಿಗೆ ಅದು ಮತ್ತೇನೋ. ಒರೆಗಲ್ಲಿನ ಮೇಲೆ ಚಿನ್ನ ಬಿಟ್ಟ ಗೆರೆಯ ಬಣ್ಣ ನೋಡಿ ಶುದ್ಧತೆ ಹೇಳುತ್ತಿದ್ದುದರಿಂದ ಅಕ್ಕಸಾಲಿಗನಿಗೆ ಈ ಅರ್ಥ ಬಂತೆಂಬುದು ಸುಲಭವಾಗಿ ಊಹೆಗೆ ನಿಲುಕುತ್ತದೆ.

ಲೋಕೋತ್ತರ ವಿಷಯಗಳಲ್ಲಿಯೂ ಆಚಾರ್ಯರು ಇದೇ ಎಚ್ಚರ ವಹಿಸಿದ್ದಾರೆ. ತಿಲೋಯಪಣ್ಣತ್ತಿಯಲ್ಲಿ ಅಂಗುಲ ಮೂರು ಬಗೆ. ಜೀವಿಗಳ ಶರೀರದ ಎತ್ತರಕ್ಕೆ ಉತ್ಸೇಧಾಂಗುಲ. ದ್ವೀಪ, ಸಮುದ್ರ, ಪರ್ವತಗಳಿಗೆ ಅದರ 500 ಪಟ್ಟಿನ ಪ್ರಮಾಣಾಂಗುಲ. ಕಲಶ, ಕನ್ನಡಿ, ಹಾಸಿಗೆ, ನೇಗಿಲು, ಛತ್ರ, ಮನೆಗಳಿಗೆ ಆಯಾ ಕಾಲದ ಮನುಷ್ಯರ ಬೆರಳಿನದೇ ಆದ ಆತ್ಮಾಂಗುಲ. ಜಂಬೂದ್ವೀಪದ ವಿಸ್ತಾರವನ್ನು ಓದಿ ನಮ್ಮ ಬೆರಳಿನಿಂದ ಎಣಿಸಲು ಹೊರಡುವ ತರುಣರಿಗೆ ಈ ಭೇದವನ್ನು ಮೊದಲು ಹೇಳಿಕೊಡುವುದು ಒಳ್ಳೆಯದು. ವಿಂಧ್ಯಗಿರಿಯ ಗೊಮ್ಮಟಸ್ವಾಮಿಯ ಅಂಗಾಂಗಗಳನ್ನು ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಅಳೆಯಿಸಿದಾಗ ಶಾಂತರಾಜ ಪಂಡಿತರು ಆ ಅಳತೆಯನ್ನು ಹಸ್ತ, ಅಂಗುಲಗಳಲ್ಲಿ ಶ್ಲೋಕಗಳಾಗಿ ಬರೆದಿಟ್ಟರು. ಇಂಗ್ಲಿಷ್ ಅಧಿಕಾರಿಗಳು ಬಂದು ಅಡಿಗಳಲ್ಲಿ ಅಳೆದರು. ಎರಡನ್ನೂ ಹೊಂದಿಸಿ ನೋಡುವವನು ಯಾರ ಹಸ್ತವೆಂಬ ಪ್ರಶ್ನೆಯನ್ನು ಮೊದಲು ಎದುರಿಸಬೇಕಾಗುತ್ತದೆ.

ಈ ಪ್ರಶ್ನೆ ನಮ್ಮ ಶಾಸನಗಳನ್ನು ಬರೆಯಿಸಿದವರಿಗೆ ಹೊಸದಾಗಿರಲಿಲ್ಲ. ಬಳ್ಳಿಗಾವೆಯ ಸುತ್ತಿನ ಶಾಸನಗಳಲ್ಲಿ ಇಷ್ಟು ಮತ್ತರು ಭೂಮಿಯೆಂದು ಹೇಳಿ ನಿಲ್ಲಿಸದೆ, ಯಾವ ಗಳೆಯಿಂದ ಅಳೆದ ಮತ್ತರು ಎಂಬುದನ್ನೂ ಕೆತ್ತಿಸಿದ್ದಾರೆ: ಭೇರುಂಡ ಗಳೆ, ಕಚ್ಚವಿಯ ಗಳೆ ಇತ್ಯಾದಿ. ಹಣದ ವಿಷಯದಲ್ಲಿಯೂ ಹಾಗೆಯೇ. ಬರಿಯ ಗದ್ಯಾಣವೆನ್ನದೆ ‘ಲೊಕ್ಕಿಗದ್ಯಾಣ’ವೆಂದರು. ಲೊಕ್ಕಿಗುಂಡಿಯ, ಎಂದರೆ ದಾನಚಿಂತಾಮಣಿ ಅತ್ತಿಮಬ್ಬೆ 1007ರಲ್ಲಿ ಜಿನಾಲಯ ಕಟ್ಟಿಸಿದ ಇಂದಿನ ಲಕ್ಕುಂಡಿಯ, ಟಂಕಸಾಲೆಯ ನಾಣ್ಯವೆಂದು ಅದರ ತಾತ್ಪರ್ಯ. ಶ್ರವಣಬೆಳಗೊಳದಲ್ಲಿ ಹದಿಮೂರನೆಯ ಶತಮಾನದ ಕೆಲವು ಶಾಸನಗಳು ಗೊಮ್ಮಟದೇವರ ನಿತ್ಯಾಭಿಷೇಕದ ಹಾಲಿಗಾಗಿ ಭಕ್ತರು ಗದ್ಯಾಣಗಳನ್ನು ಮೂಲಧನವಾಗಿ ಇಟ್ಟು, ಅದರ ಬಡ್ಡಿಯಿಂದ ದಿನಕ್ಕೆ ಇಷ್ಟು ಬಳ್ಳ, ಇಷ್ಟು ಮಾನವೆಂದು ಹಾಲು ಸಲ್ಲಬೇಕೆಂದು ವಿಧಿಸಿದ್ದನ್ನು ತಿಳಿಸುತ್ತವೆ. ಸೂರ್ಯಚಂದ್ರರಿರುವವರೆಗೆ ನಡೆಯಬೇಕಾದ ಧರ್ಮವದು. ಕಲ್ಲು ಉಳಿಯಿತು, ಅಕ್ಷರ ಉಳಿಯಿತು. ಹಾಲು ಅಳೆದ ಪಾತ್ರೆಯನ್ನು ಯಾರೂ ಕಲ್ಲಿನಲ್ಲಿ ಕೆತ್ತಲಿಲ್ಲ. ಅಂದು ಪ್ರತಿ ಮನೆಯಲ್ಲಿಯೂ ಇದ್ದ ಪಾತ್ರೆ ಎಂದಾದರೂ ಇಲ್ಲವಾದೀತೆಂದು ಯಾರಿಗೆ ತಾನೆ ಹೊಳೆಯಬೇಕು?

ಇಲ್ಲಿಯವರೆಗೆ ಹೇಳಿದ್ದು ಶಬ್ದದ ವೈವಿಧ್ಯ. ಈ ವೈವಿಧ್ಯದ ಮರೆಯಲ್ಲಿ ನಡೆಯುವ ವ್ಯವಹಾರವನ್ನು ಹೇಳದಿದ್ದರೆ ಲೇಖನ ಅರ್ಧವಾಗುತ್ತದೆ. ಅದಕ್ಕೆ ನನ್ನ ಮನೆಯದೇ ಒಂದು ನಿದರ್ಶನವನ್ನು ಸಂಕೋಚದಿಂದಲೇ ಬರೆಯುತ್ತಿದ್ದೇನೆ.

ನನ್ನ ಅಜ್ಜನವರು ಮಲೆನಾಡಿನಲ್ಲಿ ಭತ್ತದ ವ್ಯಾಪಾರಿಗಳಾಗಿದ್ದರು. ನಿತ್ಯವೂ ದೇವದರ್ಶನ ಮಾಡದೆ ಆಹಾರ ಸ್ವೀಕರಿಸುತ್ತಿರಲಿಲ್ಲ, ರಾತ್ರಿಭೋಜನ ಜೀವಮಾನದಲ್ಲಿ ಮಾಡಲಿಲ್ಲ. ಅವರ ಅಂಗಡಿಯಲ್ಲಿ ಎರಡು ಕೊಳಗಗಳಿದ್ದವು. ಹಳ್ಳಿಯವರಿಂದ ಕೊಳ್ಳುವುದಕ್ಕೆ ಒಂದು, ಪೇಟೆಯಲ್ಲಿ ಮಾರುವುದಕ್ಕೆ ಒಂದು. ಎರಡರ ಹೆಸರೂ ಕೊಳಗವೇ. ಕೊಳ್ಳುವ ಕೊಳಗ ತುಸು ದೊಡ್ಡದು. ಸಾಲದುದಕ್ಕೆ ಕೊಳ್ಳುವಾಗ ಮೇಲೆ ಗೋಪುರದಂತೆ ರಾಶಿ ನಿಲ್ಲಿಸಿ ಅಳೆಯುವುದು, ಮಾರುವಾಗ ಕೋಲಿನಿಂದ ಬಾಯಿಮಟ್ಟ ಸವರಿ ಅಳೆಯುವುದು. ರಾಶಿಯ ಮೊದಲನೆಯ ಕೊಳಗವನ್ನು ‘ಒಂದು’ ಎನ್ನದೆ ‘ಲಾಭ’ ಎಂದು ಎಣಿಸುವ ನಮ್ಮ ಕಡೆಯ ರೂಢಿಯನ್ನು ವಾಚಕರು ಬಲ್ಲರು. ಅಜ್ಜನವರ ಅಂಗಡಿಯಲ್ಲಿ ಎರಡನೆಯದೂ ಮೂರನೆಯದೂ ಲಾಭವೇ ಆಗಿತ್ತೆಂದು ನನ್ನ ತಂದೆ ಹೇಳುತ್ತಿದ್ದರು.

ಅಜ್ಜನವರು ಇದನ್ನು ಮೋಸವೆಂದು ಎಣಿಸಿರಲಿಲ್ಲ. ಹಳ್ಳಿಯ ಕೊಳಗ ಬೇರೆ, ಪೇಟೆಯ ಕೊಳಗ ಬೇರೆ, ಅದು ಎಲ್ಲರಿಗೂ ತಿಳಿದದ್ದೇ ಎಂಬುದು ಅವರ ಸಮಾಧಾನ. ಆ ಮಾತಿನಲ್ಲಿ ಸ್ವಲ್ಪ ಸತ್ಯವೂ ಇತ್ತು. ಊರಿಂದೂರಿಗೆ ಸೇರು, ಕೊಳಗ, ಖಂಡುಗಗಳು ಬದಲಾಗುತ್ತಿದ್ದವು. ಕಚ್ಚಾ ಸೇರು, ಪಕ್ಕಾ ಸೇರುಗಳು ಒಂದೇ ಅಂಗಡಿಯಲ್ಲಿ ಇರುತ್ತಿದ್ದವು. ಉತ್ತರದ ಮಣ 82 ಪೌಂಡಿಗೆ ತುಸು ಹೆಚ್ಚು, ಮದರಾಸಿನ ಮಣ ಸುಮಾರು 25 ಪೌಂಡು ಮಾತ್ರ. ಖಂಡುಗವಂತೂ ಧಾನ್ಯದ ಅಳತೆಯೂ ಹೌದು, ಅಷ್ಟು ಬೀಜ ಬಿತ್ತುವ ಗದ್ದೆಯ ವಿಸ್ತಾರವೂ ಹೌದು. ಅಜ್ಜನವರ ಈ ಸಮಾಧಾನಕ್ಕೆ ನಮ್ಮ ಅಜ್ಜಿ ಒಂದೇ ಸಲ ಉತ್ತರ ಕೊಟ್ಟರಂತೆ: “ಎಲ್ಲರಿಗೂ ತಿಳಿದಿದ್ದರೆ ಒಂದೇ ಕೊಳಗ ಸಾಕಾಗಿತ್ತಲ್ಲ.” ಅಜ್ಜಿ ಓದಿದವರಲ್ಲ. ಆದರೆ ಅಚೌರ್ಯಾಣುವ್ರತದ ಅತಿಚಾರಗಳನ್ನು ಚಾತುರ್ಮಾಸದಲ್ಲಿ ಮುನಿಗಳಿಂದ ಕೇಳಿದ್ದರು.

ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಹೇಳಿದ ಆ ಐದು ಅತಿಚಾರಗಳಲ್ಲಿ ‘ಹೀನಾಧಿಕಮಾನೋನ್ಮಾನ’ ಒಂದು. ಐದಾರನೆಯ ಶತಮಾನದಲ್ಲಿ ಈ ಗಂಗರ ನಾಡಿನಲ್ಲಿಯೇ ಬಾಳಿದ ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಅದನ್ನು ಬಿಡಿಸುವ ರೀತಿ ನೋಡಿರಿ. ಪ್ರಸ್ಥ ಮೊದಲಾದವು ಮಾನ, ತಕ್ಕಡಿ ಮೊದಲಾದವು ಉನ್ಮಾನ. ಕಡಿಮೆಯಾದದ್ದರಿಂದ ಇತರರಿಗೆ ಕೊಡುವುದು, ಹೆಚ್ಚಾದದ್ದರಿಂದ ತಾನು ತೆಗೆದುಕೊಳ್ಳುವುದು, ಇಂಥ ಕೂಟಪ್ರಯೋಗವೇ ಈ ಅತಿಚಾರ ಎನ್ನುತ್ತಾರೆ. ಎರಡು ಕೊಳಗಗಳು ಸಾವಿರದೈನೂರು ವರ್ಷಗಳ ಹಿಂದಿನ ಪೇಟೆಯಲ್ಲಿಯೂ ಇದ್ದವೆಂದಾಯಿತು. ಪಾತ್ರೆ ಸಣ್ಣದಾಗಿರುವುದು ದೋಷವಲ್ಲ, ದೊಡ್ಡದಾಗಿರುವುದೂ ಅಲ್ಲ. ಎರಡನ್ನೂ ಒಂದೇ ಹೆಸರಿನಿಂದ ಕರೆದು, ಕೊಡುವಾಗ ಇದು, ಪಡೆಯುವಾಗ ಅದು ಎಂದು ಬದಲಾಯಿಸುವುದರಲ್ಲಿ ದೋಷವಿದೆ. ಎದುರಿನವನು ಒಂದರ್ಥದಲ್ಲಿ ಒಪ್ಪಿದ ಶಬ್ದವನ್ನು ನಾವು ಇನ್ನೊಂದರ್ಥದಲ್ಲಿ ನಡೆಸಿದರೆ, ನಡುವೆ ಉಳಿದ ವಸ್ತು ಅವನು ಕೊಡದೆ ನಮಗೆ ಬಂದದ್ದು.

ಪೂಜ್ಯಪಾದರು ಜೈನೇಂದ್ರ ವ್ಯಾಕರಣದ ಕರ್ತೃವೂ ಆಗಿದ್ದರೆಂಬುದನ್ನು ಇಲ್ಲಿ ನೆನೆಯಬೇಕು. ಸಮಭಿರೂಢ ನಯವನ್ನು ವಿವರಿಸುವಾಗ ಅವರು ‘ಗೋ’ ಶಬ್ದದ ಉದಾಹರಣೆ ತೆಗೆದುಕೊಳ್ಳುತ್ತಾರೆ. ವಾಕ್ಕು ಮೊದಲಾದ ಹಲವು ಅರ್ಥಗಳಿದ್ದರೂ ಅದು ಪಶುವಿನಲ್ಲಿ ರೂಢವಾಗಿ ನೆಲೆನಿಂತಿದೆ. ಹಲವು ಅರ್ಥಗಳನ್ನು ದಾಟಿ ಒಂದರ ಮೇಲೆ ಏರಿ ಕುಳಿತುಕೊಳ್ಳುವುದೇ ಸಮಭಿರೂಢ. ಪ್ರತಿಯೊಂದು ಕಸುಬೂ ತನ್ನ ಶಬ್ದಗಳನ್ನು ಹೀಗೆ ಏರಿ ಕುಳಿತಿರುತ್ತದೆ. ಕೆಳಗೆ ಬೇರೆ ಅರ್ಥಗಳೂ ಇವೆಯೆಂಬುದು ಒಳಗಿನವರಿಗೆ ಮರೆತೇಹೋಗುತ್ತದೆ. ನಮ್ಮ ಸಭೆಯಲ್ಲಿ ನಡೆದದ್ದೂ ಅದೇ.

ಮೆಟ್ರಿಕ್ ಪದ್ಧತಿ ಬಂದಮೇಲೆ ಇದೆಲ್ಲ ಮುಗಿಯಿತೆಂದು ಭಾವಿಸುವವರಿದ್ದಾರೆ. 1956ರ ಕಾನೂನಿನಂತೆ 1958ರ ಅಕ್ಟೋಬರಿನಿಂದ ಹಂತಹಂತವಾಗಿ ಕಿಲೋಗ್ರಾಂ ಬಂತು, ಲೀಟರು ಬಂತು. ಮುದ್ರೆಯಿಲ್ಲದ ಅಜ್ಜನವರ ಎರಡೂ ಕೊಳಗಗಳು ಅಟ್ಟ ಸೇರಿದವು. ಈಗ 2009ರ ಕಾನೂನು ಮಾಪನಶಾಸ್ತ್ರ ಅಧಿನಿಯಮ ಜಾರಿಯಲ್ಲಿದೆ. ಇದು ನಿಜವಾಗಿಯೂ ದೊಡ್ಡ ಉಪಕಾರ, ಹಳೆಯದನ್ನು ಹೊಗಳುವ ಭರದಲ್ಲಿ ಇದನ್ನು ಮರೆಯಬಾರದು. ಆದರೆ ಕಸುಬುಗಳು ತಮ್ಮ ಅಭ್ಯಾಸ ಬಿಟ್ಟಿಲ್ಲ. ಸಕ್ಕರೆ ಕಾರ್ಖಾನೆಗೆ ಟನ್ನೆಂದರೆ 1000 ಕಿಲೋ ಕಬ್ಬು. ಹವಾನಿಯಂತ್ರಣ ಯಂತ್ರ ಮಾರುವವನು ಒಂದೂವರೆ ಟನ್ನೆಂದಾಗ ಅದು ಯಂತ್ರದ ತೂಕವಲ್ಲ, ಶಾಖ ತೆಗೆಯುವ ಶಕ್ತಿ. ಹಡಗಿನವರ ಹಳೆಯ ರಿಜಿಸ್ಟರ್ ಟನ್ನು 100 ಘನ ಅಡಿ ಜಾಗ. ಅಡಿಕೆಯ ಮಂಡಿಯಲ್ಲಿ ‘ಧಾರಣೆ’ಯೆಂದರೆ ಅಂದಿನ ದರ. ಅವಗ್ರಹ, ಈಹಾ, ಅವಾಯ, ಧಾರಣಾ ಎಂದು ಮತಿಜ್ಞಾನದ ಭೇದಗಳನ್ನು ಕಲಿಯುವ ನಮ್ಮ ಮಕ್ಕಳು ವೃತ್ತಪತ್ರಿಕೆಯಲ್ಲಿ ‘ಧಾರಣೆ ಕುಸಿತ’ವೆಂಬ ಶೀರ್ಷಿಕೆ ನೋಡಿ ನಗುವುದುಂಟು.

ನಮ್ಮ ಸಮಾಜದ ಅನೇಕರು ತೊಡಗಿರುವ ಆಭರಣದ ವ್ಯಾಪಾರದಲ್ಲಿ ಇದು ನಗೆಯ ಮಾತಲ್ಲ. ಕ್ಯಾರೆಟ್ ಎಂಬ ಒಂದೇ ಶಬ್ದಕ್ಕೆ ಅಲ್ಲಿ ಎರಡರ್ಥ. ವಜ್ರಕ್ಕೆ ಅದು ತೂಕ. 1907ರಲ್ಲಿ ನಿಗದಿಯಾದಂತೆ 200 ಮಿಲಿಗ್ರಾಂ. ಚಿನ್ನಕ್ಕೆ ಅದು ಶುದ್ಧತೆ, 24ರಲ್ಲಿ ಎಷ್ಟು ಭಾಗವೆಂಬುದು. 22 ಕ್ಯಾರೆಟ್ ಎಂದರೆ ಸಾವಿರಕ್ಕೆ 916. ಒಂದು ಮರದ ಬೀಜದ ಗ್ರೀಕ್ ಹೆಸರಿನಿಂದ ಹುಟ್ಟಿದ ಈ ಮಾತು ನಮ್ಮ ಗುಲಗಂಜಿಯ ದಾಯಾದಿ. 18 ಕ್ಯಾರೆಟ್ಟಿನ ಉಂಗುರದಲ್ಲಿ ಅರ್ಧ ಕ್ಯಾರೆಟ್ಟಿನ ಹರಳೆಂದಾಗ ಮೊದಲ ಬಾರಿ ಕೊಳ್ಳಲು ಬಂದ ಹುಡುಗಿ ಎರಡನ್ನೂ ಒಂದೇ ಜಾತಿಯ ಅಂಕಿಯೆಂದು ತಿಳಿದರೆ ಆಶ್ಚರ್ಯವಿಲ್ಲ. ಚಿನ್ನದ ಕ್ಯಾರೆಟ್ಟಿಗೆ 2021ರ ಜೂನಿನಿಂದ ಹಲವು ಜಿಲ್ಲೆಗಳಲ್ಲಿ ಹಾಲ್‌ಮಾರ್ಕ್ ಕಡ್ಡಾಯವಾಗಿ, ಕ್ರಮೇಣ ವಿಸ್ತರಿಸಿದೆ. ‘ತೂಕ’ವೆಂಬ ಮಾತು ಮಾತ್ರ ಇನ್ನೂ ಜಾರುತ್ತದೆ. ಹರಳು, ಅರಗುಗಳು ಸೇರಿದ ಒಟ್ಟು ತೂಕವೋ, ಅವನ್ನು ಕಳೆದ ನಿವ್ವಳ ತೂಕವೋ? ಬಿಲ್ಲಿನಲ್ಲಿ ಒಂದೇ ಅಂಕಿ ಬರೆದು, ಕೊಟ್ಟಾಗ ಒಟ್ಟು ತೂಕಕ್ಕೆ ಚಿನ್ನದ ದರ ಹಾಕಿ, ಅದೇ ಒಡವೆ ಹಿಂದಿರುಗಿ ಬಂದಾಗ ಹರಳು ಕಳೆದು ತೂಗುವ ಅಂಗಡಿಗಳಿವೆ. ಅಟ್ಟದ ಮೇಲಿನ ಎರಡು ಕೊಳಗಗಳು ನನಗೆ ಆಗ ನೆನಪಾಗುತ್ತವೆ. ಇದನ್ನು ಚಿನ್ನದ ವ್ಯಾಪಾರಿಗಳಾದ ನಮ್ಮ ಸಭೆಯ ಸದಸ್ಯರ ಎದುರಿನಲ್ಲಿಯೇ ಹೇಳಿದೆ. ಅವರು ತಮ್ಮ ಅಂಗಡಿಯ ಬಿಲ್ಲಿನಲ್ಲಿ ಎರಡೂ ತೂಕ ಬರೆಯುವುದನ್ನು ತೋರಿಸಿ, ಬರೆಯದೆ ಇದ್ದ ಕಾಲವೂ ಇತ್ತೆಂದು ತಾವಾಗಿಯೇ ಒಪ್ಪಿಕೊಂಡರು.

ಸಭೆಯ ಪ್ರಶ್ನೆಗೆ ಮರಳುತ್ತೇನೆ. ಚರ್ಚೆಯನ್ನು ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಬಸದಿಯ ಇಂದ್ರರು ಮಾತಾಡದೆ ಒಳಗೆ ಹೋಗಿ ಉಗ್ರಾಣದಿಂದ ಒಂದು ಹಿತ್ತಾಳೆಯ ಪಾತ್ರೆ ತಂದರು. ತಮ್ಮ ತಂದೆ ಇದನ್ನು ಮಾನವೆಂದೇ ಕರೆಯುತ್ತಿದ್ದರು, ಅಭಿಷೇಕಕ್ಕೆ ಎರಡು ಸಲ ಇದರಲ್ಲಿ ತುಂಬಿ ಸುರಿಯುತ್ತಿದ್ದರು ಎಂದರು. ಕೊರಳಿನಲ್ಲಿ ಒಂದು ಗೆರೆ ಇತ್ತು. ಗೆರೆಯವರೆಗೆ ನೀರು ತುಂಬಿ ಅಳೆದೆವು. ಮುಕ್ಕಾಲು ಲೀಟರಿಗೆ ತುಸು ಹೆಚ್ಚು ಬಂತು. ಪತ್ರದ ಕಾಲದ ಪಾತ್ರೆ ಇದೇ ಎನ್ನುವುದಕ್ಕೆ ಆಧಾರವೇನೆಂದು ವಕೀಲರು ಕೇಳಿದರು. ತಳಕ್ಕೆ ಒಮ್ಮೆ ಬೆಸುಗೆ ಹಾಕಿಸಿದ್ದನ್ನು ಚಿನ್ನದವರು ಗುರುತಿಸಿದರು. ಕೊನೆಗೆ ಹೊಸ ರಿಜಿಸ್ಟರಿನಲ್ಲಿ ‘ಎರಡು ಮಾನ’ವೆಂಬ ಮೂಲದ ಮಾತನ್ನು ಹಾಗೆಯೇ ಉಳಿಸಿ, ಅದರ ಕೆಳಗೆ ಪಾತ್ರೆಯ ವಿವರ, ಬೆಸುಗೆಯ ಸಂಗತಿ, ಅಳೆದ ದಿನಾಂಕ, ಬಂದ ಅಳತೆ ಎಲ್ಲವನ್ನೂ ಬರೆಯಿಸಿದೆವು. ಅದರ ಪ್ರತಿಯನ್ನು ದತ್ತಿಯ ಮನೆತನದವರಿಗೂ ಕಳುಹಿಸಿದೆವು.

ಹದಿನೈದು ದಿನಗಳಲ್ಲಿ ಅವರ ಉತ್ತರ ಬಂತು. ಈವರೆಗೆ ಯಾವ ಪ್ರಶ್ನೆಯನ್ನೂ ಕೇಳದವರು ಈ ಸಲ ಒಂದನ್ನು ಕೇಳಿದ್ದರು: ಹಿಂದಿನವರು ಹಾಲನ್ನು ಗೆರೆಯವರೆಗೆ ತುಂಬುತ್ತಿದ್ದರೋ, ಪಾತ್ರೆಯ ಬಾಯಿಯವರೆಗೋ? ಇಂದ್ರರನ್ನು ವಿಚಾರಿಸಿ, ಗೆರೆಯವರೆಗೆ ಎಂದು ಬರೆದಿದ್ದೇವೆ. ಅವರ ಪತ್ರವನ್ನೂ ರಿಜಿಸ್ಟರಿಗೆ ಸೇರಿಸಿ ಹೊಲಿಸಲಾಗಿದೆ.